ನಂಬಿಕೆ ಇಲ್ವಾ ಸ್ವಾಮಿ?

ಹಳೆಯ ಕಾರು ಕೊಳ್ಳುವವನು ಇಂಜಿನ್ ನೋಡಬೇಕು, ಟೈರು ನೋಡಬೇಕು ಎಂದು ಬುದ್ಧಿ ಹೇಳುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಅದೆಲ್ಲವನ್ನೂ ಬಲ್ಲವನು ಕೂಡ ಒಂದು ಮಾತಿನ ಮುಂದೆ ಸೋತುಬಿಡುತ್ತಾನೆ: ‘ಯಾಕೆ ಸ್ವಾಮಿ, ನಮ್ಮ ಮೇಲೆ ನಂಬಿಕೆ ಇಲ್ವಾ?’ ಈ ಮಾತು ಮಾರಿಸಿರುವಷ್ಟು ಕೆಟ್ಟ ಕಾರುಗಳನ್ನು ಯಾವ ದಲ್ಲಾಳಿಯೂ ಮಾರಿರಲಾರ ಎಂಬುದು ನನ್ನ ವಾದ.

2019ರ ಬೇಸಿಗೆಯಲ್ಲಿ ಸಾಗರದಲ್ಲಿ ನಾನೂ ಹೀಗೆಯೇ ಸೋತೆ. ಮಾರಲು ಬಂದವನು ಬೇರೆಯವನೇನಲ್ಲ, ನನ್ನ ಭಾವಮೈದುನನ ಸ್ನೇಹಿತ. ಕಾರಿನ ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಮೀಟರು 38 ಸಾವಿರ ಕಿಲೋಮೀಟರು ತೋರಿಸುತ್ತಿತ್ತು. ‘ಒಂದ್ಸಲ ನಮ್ಮ ಮೆಕ್ಯಾನಿಕ್‌ಗೆ ತೋರಿಸಿಬಿಡೋಣ’ ಎಂದೆ. ಆತ ಮುಖ ಸಣ್ಣದು ಮಾಡಿಕೊಂಡು ಆ ಮಾತನ್ನು ಆಡಿಯೇಬಿಟ್ಟ. ನನಗೇ ನಾಚಿಕೆಯಾಯಿತು. ಬೆಲೆಯಲ್ಲಿ ಐದು ಸಾವಿರ ಇಳಿಸಿದ್ದನ್ನೇ ದೊಡ್ಡ ಜಾಣತನವೆಂದು ಬೀಗಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಮನೆಗೆ ತಂದೆ.

ಮಳೆಗಾಲ ಹಿಡಿಯುತ್ತಿದ್ದಂತೆ ಒಳಗೆ ಕೆಸರಿನ ವಾಸನೆ. ಒಂದು ದಿನ ದೀಪ ಹತ್ತದು, ಇನ್ನೊಂದು ದಿನ ವೈಪರ್ ಆಡದು. ಮೆಕ್ಯಾನಿಕ್ ಬಾನೆಟ್ ಮುಟ್ಟಲೇ ಇಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದ. ಎಂದೂ ಹೊರಗೆ ಬಾರದ ಆ ಕೊನೆಯ ಗೇಣಿನಲ್ಲಿ ಒಣಗಿದ ಕೆಸರಿನ ಗೆರೆಯಿತ್ತು. ಸ್ಟೆಪ್ನಿ ಎತ್ತಿದರೆ ಅಡಿಯಲ್ಲಿ ಮಣ್ಣು, ತುಕ್ಕು. ಬ್ರೇಕ್ ಪೆಡಲಿನ ರಬ್ಬರು ಬೋಳು. 38 ಸಾವಿರಕ್ಕೆ ಅದು ಹಾಗೆ ಸವೆಯುವುದಿಲ್ಲ. ಮೀಟರನ್ನೂ ಹಿಂದಕ್ಕೆ ತಿರುಗಿಸಿದ್ದರು. ‘ಮೇಷ್ಟ್ರೇ, ಈ ಗಾಡಿ ಓಡಿದ್ದಷ್ಟೇ ಅಲ್ಲ, ಈಜಿಯೂ ಇದೆ’ ಎಂದ.

ಚೆನ್ನೈ 2015ರಲ್ಲಿ ಮುಳುಗಿತು, ಕೇರಳ 2018ರಲ್ಲಿ, ಬೆಂಗಳೂರಿನ ಬಡಾವಣೆಗಳು 2022ರಲ್ಲಿ. ನೀರು ಇಳಿಯುತ್ತದೆ; ಮುಳುಗಿದ ಕಾರುಗಳು ಮಿಂದು, ಒಣಗಿ, ಸೆಂಟು ಹೊಡೆಸಿಕೊಂಡು ಮತ್ತೆ ಪೇಟೆಗೆ ಬರುತ್ತವೆ. ಇದು ಗೊತ್ತಿದ್ದೂ ನಾನು ಬೆಲ್ಟ್ ಎಳೆದು ನೋಡಲಿಲ್ಲ. ದಾಕ್ಷಿಣ್ಯ!

ಮಾರಿದವನನ್ನು ನೀವು ಬಯ್ಯುವ ಮೊದಲು ನನ್ನ ಕಥೆಯನ್ನೂ ಕೇಳಿ. ಅದೇ ವರ್ಷ ನನ್ನ ಮಾರುತಿ 800 ಕಾರನ್ನು ಪರಿಚಯದ ಹುಡುಗನೊಬ್ಬನಿಗೆ ಕೊಟ್ಟೆ. 29 ಮತ್ತು 30ನೆಯ ನಮೂನೆಗಳಿಗೆ ಖಾಲಿಯಾಗಿಯೇ ರುಜು ಹಾಕಿ, ‘ಹೆಸರು ಬದಲಾಯಿಸಿಕೊಳ್ಳಪ್ಪ’ ಎಂದು ಕೈತೊಳೆದುಕೊಂಡೆ. ಆರ್.ಟಿ.ಓ. ಕಚೇರಿಗೆ ಜೊತೆಯಲ್ಲಿ ಹೋಗುವುದು ಅವನನ್ನು ಅನುಮಾನಿಸಿದಂತೆ ಎಂದುಕೊಂಡೆ. ಅವನು ಇನ್ನೊಬ್ಬನಿಗೆ ದಾಟಿಸಿದ, ಆ ಇನ್ನೊಬ್ಬ ಮತ್ತೊಬ್ಬನಿಗೆ. ಎರಡು ವರ್ಷದ ಮೇಲೆ ನನ್ನ ಹೆಸರಿಗೆ ಕೋರ್ಟಿನ ನೋಟೀಸು ಬಂತು. ಆ ಕಾರು ಕೂಲಿಯವನೊಬ್ಬನ ಕಾಲು ಮುರಿದಿತ್ತು. ಅದಕ್ಕೆ ವಿಮೆಯೂ ಇರಲಿಲ್ಲ.

‘ಗಾಡಿ ನನ್ನದಲ್ಲ’ ಎಂದು ನಾನು ವಾದಿಸಿದೆ. ಆದರೆ ಕಾನೂನು ಸ್ಪಷ್ಟವಾಗಿದೆ. ಇಂಥದೇ ಪ್ರಕರಣವೊಂದರಲ್ಲಿ, ಕಾರು ಎಷ್ಟು ಕೈ ಬದಲಿಸಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟು 2018ರಲ್ಲೇ ಹೇಳಿದೆ. ಸಾಲ ಮಾಡಿ ಪರಿಹಾರ ಕೊಟ್ಟೆ. ದುಡ್ಡಿನ ನೋವು ಮರೆಯಿತು. ನನ್ನದಲ್ಲ ಎಂದು ನಾನು, ನನ್ನದಲ್ಲ ಎಂದು ಮುಂದಿನವನು ಹೇಳುತ್ತಿದ್ದಷ್ಟು ದಿನವೂ ಆ ಮನುಷ್ಯ ಕೋಲೂರಿಕೊಂಡು ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದನಲ್ಲ, ಅದು ಮರೆಯಲಿಲ್ಲ.

‘ಹಾಗಾದರೆ ಮನುಷ್ಯರನ್ನು ನಂಬುವುದೇ ಬೇಡವೇ?’ ಎಂದು ಮಿತ್ರರು ಕೇಳುತ್ತಾರೆ. ನಂಬಿ, ಯಾರು ಬೇಡವೆಂದರು? ಆದರೆ ಪರೀಕ್ಷೆಗೆ ಹೆದರುವ ನಂಬಿಕೆ ನಂಬಿಕೆಯಲ್ಲ, ಸೋಮಾರಿತನ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ರಾಜ್ಯದೊಳಗಿನ ವ್ಯವಹಾರವಾದರೆ ಮಾರಿದವನು 14 ದಿನದಲ್ಲಿ, ಕೊಂಡವನು 30 ದಿನದಲ್ಲಿ ಆರ್.ಟಿ.ಓ.ಗೆ ತಿಳಿಸಬೇಕು. ವಿಮೆಯನ್ನೂ ಕೊಂಡವನ ಹೆಸರಿಗೆ ಬರೆಸಬೇಕು. ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರಿದ್ದರೆ, ‘ಸಾಲ ಎಂದೋ ತೀರಿದೆ’ ಎಂಬ ಬಾಯಿಮಾತು ಸಾಲದು. 35ನೆಯ ನಮೂನೆ ಕೊಟ್ಟು ಆ ಹೆಸರು ತೆಗೆಸಬೇಕು. ಹೊರರಾಜ್ಯದ ಗಾಡಿಯಾದರೆ ಅಲ್ಲಿಯ ಆಕ್ಷೇಪಣೆಯಿಲ್ಲದ ಪತ್ರ ಬೇಕು, ಇಲ್ಲಿಯ ತೆರಿಗೆಯನ್ನೂ ಲೆಕ್ಕ ಹಾಕಿಕೊಂಡೇ ಬೆಲೆ ಮಾತಾಡಬೇಕು. ಇವುಗಳಲ್ಲಿ ಯಾವುದೂ ಯಾರಿಗೂ ಅವಮಾನವಲ್ಲ. ಮಗಳ ಮದುವೆಗೆ ಹತ್ತು ಕಡೆ ವಿಚಾರಿಸುವ ನಾವು, ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯುವ ಗಾಡಿಯ ಬಗ್ಗೆ ವಿಚಾರಿಸಲು ನಾಚುವುದೇಕೆ?

ಇನ್ನು ಮುಂದೆ ಯಾರಾದರೂ ‘ನಂಬಿಕೆ ಇಲ್ವಾ?’ ಎಂದರೆ ಹೀಗೆ ಹೇಳಿ: ‘ಇದೆ ಸ್ವಾಮಿ. ನಾಳೆ ಬೆಳಿಗ್ಗೆ ಮೆಕ್ಯಾನಿಕ್‌ನನ್ನು ಕರೆದುಕೊಂಡು ಬರುತ್ತೇನೆ. ನಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ.’ ತಣ್ಣಗಿರುವ ಇಂಜಿನ್ ಸುಳ್ಳನ್ನು ಬಚ್ಚಿಡಲಾರದು. ಹೊಗೆ ನೀಲಿಯಾಗಿದ್ದರೆ ಅದು ಆಯಿಲ್ ಕುಡಿಯುತ್ತಿದೆ ಎಂದು ತಿಳಿಯಿರಿ. ಒಳ್ಳೆಯ ಗಾಡಿಯವನು ನಕ್ಕು ಒಪ್ಪುತ್ತಾನೆ. ಮುಖ ಸಣ್ಣದು ಮಾಡಿಕೊಂಡವನ ಅಂಗಳದಿಂದ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡಿ.

ಕಡೆಗೆ ನಾನು ಆ ಈಜಿದ ಕಾರನ್ನೂ ಮಾರಿದೆ. ‘ಇದು ನೀರು ಕುಡಿದ ಗಾಡಿ, ಮೀಟರು ಸುಳ್ಳು’ ಎಂದು ಮೊದಲೇ ಹೇಳಿದೆ. ಮೊದಲು ಬಂದವನು, ಇಷ್ಟು ಹೇಳುತ್ತಾನೆಂದರೆ ಇನ್ನೂ ಏನೋ ಇರಬೇಕು ಎಂದು ಗುಮಾನಿಯಿಂದ ಎದ್ದುಹೋದ. ಎರಡನೆಯವನು ಮೆಕ್ಯಾನಿಕ್‌ನ ಜೊತೆಯಲ್ಲೇ ಬಂದು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿದ. ಕಡಿಮೆ ಬೆಲೆಗೆ ಅವನಿಗೇ ಕೊಟ್ಟೆ, ಆರ್.ಟಿ.ಓ. ಕಚೇರಿಗೂ ಅವನ ಜೊತೆ ನಡೆದೆ.