ಏದುಸಿರಿದ್ದವರಿಗೂ ನಡಿಗೆ

ದೀರ್ಘಕಾಲ ಬೀಡಿ ಸಿಗರೇಟು ಸೇದಿದವರನ್ನೂ, ಸೌದೆಯೊಲೆಯ ಹೊಗೆಯಲ್ಲಿ ವರ್ಷಗಟ್ಟಲೆ ಅಡಿಗೆ ಮಾಡಿದ ತಾಯಂದಿರನ್ನೂ ಇಳಿವಯಸ್ಸಿನಲ್ಲಿ ಕಾಡುವ ಶ್ವಾಸಕೋಶದ ವ್ಯಾಧಿಯೊಂದುಂಟು. ವೈದ್ಯರು ಅದನ್ನು ಸಿ.ಒ.ಪಿ.ಡಿ. ಎನ್ನುತ್ತಾರೆ. ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಪೂರ್ತಿಯಾಗಿ ಹೊರಬರಲಾರದು. ನಾಲ್ಕು ಮೆಟ್ಟಿಲೇರಿದರೆ ಏದುಸಿರು. ಇದನ್ನು ಕಂಡು ಮರುಗಿದ ಮಕ್ಕಳು, “ಅಪ್ಪಾ, ನೀವು ಏಳಬೇಡಿ; ಕಾಫಿ ಅಲ್ಲಿಗೇ ತರುತ್ತೇವೆ” ಎನ್ನುವುದು ಸಹಜ.

ಆದರೆ ಈ ಅಕ್ಕರೆಯಿಂದಲೇ ಕೆಡುಕಾಗುವುದುಂಟು. ಕುಳಿತೇ ಇದ್ದವರ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯು ಅಲ್ಪ ಕೆಲಸಕ್ಕೂ ಹೆಚ್ಚು ಉಸಿರನ್ನು ಬೇಡುತ್ತದೆ. ಉಸಿರು ಸಾಲದೆ ರೋಗಿಗಳು ಮತ್ತೆ ಕುರ್ಚಿಗೆ ಅಂಟಿಕೊಳ್ಳುತ್ತಾರೆ.

ಒಂದು ಕಾಲಕ್ಕೆ ವೈದ್ಯರೂ ವಿಶ್ರಾಂತಿಯನ್ನೇ ವಿಧಿಸುತ್ತಿದ್ದರು. 1950ರ ದಶಕದಲ್ಲಿ ಅಮೆರಿಕದ ವೈದ್ಯ ಆಲ್ವನ್ ಬರಾಕ್ ಇಂಥವರಿಗೂ ವ್ಯಾಯಾಮ ಹಿತವೆಂದು ಸೂಚಿಸಿದರು. 2015ರ ಕಾಕ್ರೇನ್ ವಿಮರ್ಶೆಯು 65 ಪ್ರಯೋಗಗಳನ್ನು ಒರೆಗೆ ಹಚ್ಚಿ ಅದನ್ನು ಸಮರ್ಥಿಸಿತು. ಕೆಟ್ಟ ಶ್ವಾಸಕೋಶವು ವ್ಯಾಯಾಮದಿಂದ ಹೊಸದಾಗದು, ನಿಜ. ಆದರೆ ಸ್ನಾಯುಗಳು ಬಲಗೊಂಡರೆ ಇದ್ದ ಉಸಿರಿನಲ್ಲೇ ಹೆಚ್ಚು ದೂರ ನಡೆಯಬಹುದು.

ಮೊದಲು ವೈದ್ಯರ ಪರೀಕ್ಷೆ ಆಗಬೇಕು. ರೋಗಿಯನ್ನು 6 ನಿಮಿಷ ನಡೆಸಿ, ಕ್ರಮಿಸಿದ ದೂರವನ್ನೂ ರಕ್ತದ ಆಮ್ಲಜನಕವನ್ನೂ ಅಳೆದು, ವ್ಯಾಯಾಮದ ಪ್ರಮಾಣವನ್ನು ಗೊತ್ತುಮಾಡುತ್ತಾರೆ. ಸಾಮಾನ್ಯವಾಗಿ ವಾರಕ್ಕೆ 2 ಅಥವಾ 3 ಸಲದಂತೆ 6ರಿಂದ 12 ವಾರಗಳ ಅಭ್ಯಾಸ. 5 ನಿಮಿಷದ ನಡಿಗೆಯೇ ಕಷ್ಟವಾದರೆ 2 ನಿಮಿಷ ನಡೆದು, ನಿಂತು, ಸುಧಾರಿಸಿಕೊಂಡು ಮುಂದುವರಿಯಬಹುದು. ಉಸಿರು ಸ್ವಲ್ಪ ಹೆಚ್ಚಬೇಕು; ಮಾತು ನಿಂತುಹೋಗುವಷ್ಟು ಅಲ್ಲ. ಎದೆನೋವು, ತಲೆಸುತ್ತು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು.

ಉಸಿರಾಟಕ್ಕೂ ಒಂದು ಕ್ರಮವಿದೆ. ಎರಡು ಎಣಿಸುವವರೆಗೆ ಮೂಗಿನಿಂದ ಉಸಿರೆಳೆದು, ಸಿಳ್ಳೆ ಹಾಕುವಂತೆ ತುಟಿಗಳನ್ನು ಕೂಡಿಸಿ, ನಾಲ್ಕು ಎಣಿಸುವವರೆಗೆ ಮೆಲ್ಲನೆ ಬಿಡಬೇಕು. ಇದರಿಂದ ಶ್ವಾಸನಾಳಗಳು ಬೇಗನೆ ಮುಚ್ಚಿಕೊಳ್ಳದೆ, ಸಿಕ್ಕಿಬಿದ್ದ ಗಾಳಿ ಹೊರಬರುತ್ತದೆ. ಮೆಟ್ಟಿಲನ್ನು ಉಸಿರು ಬಿಡುತ್ತಲೇ ಹತ್ತುವುದು ಲೇಸು. ಪ್ರಾಣಾಯಾಮದ ಕುಂಭಕದಂತೆ ಉಸಿರನ್ನು ಬಿಗಿಹಿಡಿಯಬಾರದು.

ವ್ಯಾಯಾಮ ಹಿಡಿದೆವೆಂದು ಔಷಧವನ್ನು ಬಿಡುವಂತಿಲ್ಲ, ಬಿಡಬೇಕಾದುದು ಧೂಮಪಾನವನ್ನು. ಅಭ್ಯಾಸ ನಿಂತರೆ ಗಳಿಸಿದ ಬಲವೂ ಕ್ರಮೇಣ ಕರಗುವುದು. ಆದುದರಿಂದ ಮನೆಯವರು ಮಾಡಬಹುದಾದ ನಿಜವಾದ ಉಪಚಾರವೆಂದರೆ, ಸಂಜೆ ಹಿರಿಯರೊಡನೆ ತಾವೂ ಹೊರಡುವುದು. ಅವರು ನಡುದಾರಿಯಲ್ಲಿ ನಿಂತರೆ ಅವಸರಪಡಿಸದೆ ತಾವೂ ನಿಲ್ಲುವುದು.