ಬಿಸಿ ಕಲ್ಲು, ತಣ್ಣನೆ ಕಲ್ಲು

ಮಕ್ಕಳೇ, ನೀರಿಲ್ಲದೆ ಸ್ನಾನ ಮಾಡಬಹುದೇ? ಮೊನ್ನೆ ಮೊಮ್ಮಗಳು ಹೀಗೆ ಕೇಳಿದಾಗ ನಾನು ನಕ್ಕುಬಿಟ್ಟೆ. "ಜಪಾನಿನಲ್ಲಿ ಮಾಡ್ತಾರೆ ತಾತ" ಎಂದು ಚಿತ್ರ ತೋರಿಸಿದಳು.

ಅದರ ಹೆಸರು ಗನ್‌ಬನ್‌ಯೋಕು. ಗನ್‌ಬನ್ ಎಂದರೆ ಹಾಸುಬಂಡೆ, ಯೋಕು ಎಂದರೆ ಸ್ನಾನ. ತೆಳ್ಳನೆಯ ಬಟ್ಟೆ ತೊಟ್ಟು, ಬಿಸಿ ಕಲ್ಲಿನ ಮೇಲೆ ಟವೆಲ್ ಹಾಸಿಕೊಂಡು ಮಲಗುತ್ತಾರೆ. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರುತ್ತದೆ. ಎದ್ದು ನೀರು ಕುಡಿದು, ತಂಪಾದ ಕಡೆ ಸುಧಾರಿಸಿಕೊಂಡು ಮತ್ತೆ ಮಲಗುತ್ತಾರೆ. ಪಟ್ಟಣಗಳಲ್ಲಿ ಕಲ್ಲಿನ ಹಾಸನ್ನು ಅಡಿಯಿಂದ ಕಾಯಿಸಿಡುತ್ತಾರೆ. ಅಕಿತ ಪ್ರಾಂತ್ಯದ ತಮಗಾವಾ ಬಿಸಿನೀರಿನ ಬುಗ್ಗೆಗಳ ಬಳಿ ಭೂಮಿಯೇ ಕಾಯಿಸಿಕೊಡುತ್ತದೆ. ಅದು ಜ್ವಾಲಾಮುಖಿಯ ನೆಲ. ಜನ ಬಯಲಲ್ಲೇ ಚಾಪೆ ಹಾಸಿ ಮಲಗುತ್ತಾರೆ.

"ನಮ್ಮ ಊರಿಗಾಂನಲ್ಲಿ ಇಂಥ ಕಲ್ಲು ಇಲ್ವಾ ತಾತ?"

ಇದೆ ಮಗು, ನೆಲದ ಕೆಳಗೆ. ಭೂಮಿಯೊಳಗೆ ಇಳಿದಷ್ಟೂ ಶಾಖ ಹೆಚ್ಚು. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಅಲ್ಲಿ ತಳದ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ತಂಪು ಗಾಳಿ ಕಳಿಸದೆ ಅಲ್ಲಿ ಕೆಲಸ ಮಾಡುವಂತಿರಲಿಲ್ಲ.

ನಮ್ಮಪ್ಪನದು ಗಣಿಯ ಆಳದ ಕೆಲಸ. ಶಿಫ್ಟ್ ಮುಗಿಸಿ ಬಂದರೆ ಅಂಗಿಯ ಮೇಲೆ ಬೆವರು ಒಣಗಿ ಬಿಳಿ ಉಪ್ಪಿನ ಗೆರೆ. ಅಮ್ಮ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ, ಒಂದು ಚಿಟಿಕೆ ಉಪ್ಪು ಹೆಚ್ಚಿಗೆ ಹಾಕಿ ಕೊಡುತ್ತಿದ್ದಳು. ಬೆವರಿನಲ್ಲಿ ಹೋದದ್ದು ನೀರೂ ಉಪ್ಪೂ ತಾನೇ! ಕುಡಿದವರೇ ಅಪ್ಪ ನಮ್ಮ ಲೈನ್ ಮನೆಯ ಬಾಗಿಲ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಅಂಗಾತ ಮಲಗಿಬಿಡುತ್ತಿದ್ದರು. ಅದು ನೆರಳಿನ ಕಲ್ಲು. ಆಡಲು ಕರೆದರೆ, "ಇರೋ, ಕಲ್ಲು ತಣ್ಣಗಿದೆ" ಅನ್ನುತ್ತಿದ್ದರು.

ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ "ನೀನು ಸೋಮಾರಿ" ಎಂದುಬಿಟ್ಟೆ. ಅಪ್ಪ ಏನೂ ಅನ್ನಲಿಲ್ಲ. ಕೊಂಚ ಸರಿದು, ಕಲ್ಲಿನ ಮೇಲೆ ನನಗೂ ಜಾಗ ಮಾಡಿಕೊಟ್ಟರು.

ಜಪಾನಿನವರು ಸಾಕೆನಿಸಿದಾಗ ಬಿಸಿ ಕಲ್ಲಿನಿಂದ ಎದ್ದು ಬರುತ್ತಾರೆ. ಅಪ್ಪ ಹಾಗೆ ಬರುವಂತಿರಲಿಲ್ಲ; ಶಿಫ್ಟ್ ಮುಗಿಯಬೇಕಿತ್ತು. ಇದು ನನಗೆ ಅರ್ಥವಾಗುವ ಹೊತ್ತಿಗೆ ಅಪ್ಪ ಇರಲಿಲ್ಲ. 2001ರಲ್ಲಿ ಗಣಿಯೂ ಮುಚ್ಚಿತು.

ಮಕ್ಕಳೇ, ಕೆಲಸದಿಂದ ಬಂದವರು ಸುಮ್ಮನೆ ಮಲಗಿದ್ದರೆ ಒಂದು ಲೋಟ ಮಜ್ಜಿಗೆ ಕೊಡಿ. ಆಮೇಲೆ ಪಕ್ಕದಲ್ಲಿ ಕೂತು, "ಇವತ್ತು ಏನು ಕೆಲಸ ಇತ್ತು?" ಎಂದು ಕೇಳಿ. ನಾನು ಕೇಳಿರಲಿಲ್ಲ.