‘ಹಾರ್ವೆಸ್ಟ್’ನ ಆಚೆಗೆ ಮಂಜುಳಾ ಪದ್ಮನಾಭನ್

1997ರಲ್ಲಿ ಗ್ರೀಸಿನ ಒನಾಸಿಸ್ ಪ್ರಶಸ್ತಿ ಪಡೆದ ‘ಹಾರ್ವೆಸ್ಟ್’ ನಾಟಕದ ಕೀರ್ತಿಯೇ ಮಂಜುಳಾ ಪದ್ಮನಾಭನ್ ಅವರ ಉಳಿದ ಬರಹಗಳ ಮುಂದೆ ಪರದೆಯಾಗಿ ನಿಂತಿದೆ. ದೆಹಲಿಯಲ್ಲಿ ಹುಟ್ಟಿ, ಬಹುಕಾಲ ಅಲ್ಲಿಯೇ ಬಾಳಿದ ಈ ಇಂಗ್ಲಿಷ್ ಲೇಖಕಿಯನ್ನು ವಿಮರ್ಶಕರು ಸಾಮಾನ್ಯವಾಗಿ ವಿಜ್ಞಾನ ಕಥನದ ಚೌಕಟ್ಟಿನಲ್ಲಿಯೇ ಕೂರಿಸುತ್ತಾರೆ. ಬಡವನೊಬ್ಬ ತನ್ನ ಅಂಗಾಂಗಗಳನ್ನು ದೂರದೇಶದ ಸಿರಿವಂತರಿಗೆ ಕರಾರಿನ ಮೇಲೆ ಒಪ್ಪಿಸುವ ಆ ನಾಟಕದ ಭವಿಷ್ಯಲೋಕ ಬೆರಗು ಹುಟ್ಟಿಸುವಂಥದು, ನಿಜ. ಆದರೆ ದೇಹದ ಒಡೆತನ ಯಾರದೆಂಬ ಅದರ ಪ್ರಶ್ನೆ ಭವಿಷ್ಯದಿಂದ ಬಂದುದಲ್ಲ.

2000ದಲ್ಲಿ ಪ್ರಕಟವಾದ ‘ಗೆಟಿಂಗ್ ದೇರ್’ ಎಂಬ ಆತ್ಮಕಥನಾತ್ಮಕ ಪ್ರವಾಸಕೃತಿಯನ್ನು ನೋಡಬೇಕು. ಮುಂಬಯಿಯ ತರುಣಿ ಚಿತ್ರಕಲಾವಿದೆಯೊಬ್ಬಳು ತೂಕ ಇಳಿಸಿಕೊಳ್ಳಲು ವೈದ್ಯರ ಮೆಟ್ಟಿಲು ಹತ್ತುತ್ತಾಳೆ. ಮದುವೆ, ಸಂಸಾರಗಳ ನಿರೀಕ್ಷೆಯಿಂದ ತಪ್ಪಿಸಿಕೊಂಡು ಪರದೇಶಕ್ಕೆ ಹೊರಡುತ್ತಾಳೆ. ಇಲ್ಲಿ ಭವಿಷ್ಯದ ಯಂತ್ರಗಳಿಲ್ಲ. ದೇಹವನ್ನು ತೂಗುವ ಕಣ್ಣುಗಳು ಮಾತ್ರ ಅವೇ. 1982ರಲ್ಲಿ ಮುಂಬಯಿಯ ‘ಸಂಡೇ ಅಬ್ಸರ್ವರ್’ನಲ್ಲಿ ಆರಂಭವಾಗಿ, 1990ರ ದಶಕದಲ್ಲಿ ದೆಹಲಿಯ ‘ಪಯೋನಿಯರ್’ನಲ್ಲಿ ಮುಂದುವರಿದ ‘ಸುಕಿ’ ವ್ಯಂಗ್ಯಚಿತ್ರಮಾಲೆಯ ಕೆದರುಗೂದಲ ನಾಯಕಿಯೂ ಅನ್ಯರ ಅಳತೆಗೆ ಒಗ್ಗದವಳು.

ತೇಜಸ್ವಿಯವರ ‘ಕರ್ವಾಲೊ’ವನ್ನು ‘ಪರಿಸರದ ಕತೆ’ಯೊಡನೆ ಇಟ್ಟು ಓದುವುದು ಕನ್ನಡಿಗರಿಗೆ ಸಹಜವೆನಿಸಿದೆ. ಪದ್ಮನಾಭನ್ ಅವರಿಗೆ ಆ ನ್ಯಾಯ ದೊರೆತಿಲ್ಲ. ನಾಟಕ ಪಠ್ಯವಾಯಿತು, ವ್ಯಂಗ್ಯಚಿತ್ರ ಹಳೆಯ ಪತ್ರಿಕೆಯೊಡನೆ ರದ್ದಿಗೆ ಹೋಯಿತು. ‘ಹಾರ್ವೆಸ್ಟ್’ನ ಕೊನೆಯಲ್ಲಿ ಜಯಾ ಬಾಗಿಲು ಹಾಕಿಕೊಂಡು, ತನ್ನ ದೇಹ ಬೇಕಾದವನು ಸ್ವತಃ ಬರಲಿ ಎಂದು ಶರತ್ತು ಒಡ್ಡುವಾಗ ಅವಳ ಹಿಂದೆ ಸುಕಿ ನಿಂತಿರುವುದು ಆದ್ದರಿಂದಲೇ ಬಹುಮಂದಿಗೆ ಕಾಣುವುದಿಲ್ಲ.